ಬಾಬಿನ್‌ಗೆ ಮೂರು ಹೊಲಿಗೆ: ಕಾಸರಗೋಡಿನ ಒಂದು ಪ್ರಾಣಿ ಕ್ಲಿನಿಕ್ಕು, ಐದಕ್ಕೆ ನಾಲ್ಕು ನಕ್ಷತ್ರ

ನಾನು ಕಾಸರಗೋಡು ಹತ್ತಿರದ ಬದಿಯಡ್ಕದಲ್ಲಿ ಟೈಲರ್. ಬ್ಲೌಸು, ಚೂಡಿದಾರ್, ಶಾಲೆ ಯೂನಿಫಾರ್ಮು. 19 ವರ್ಷದಿಂದ ಇದೇ ಕೆಲಸ. ಯಾರ ಹೊಲಿಗೆ ಕಂಡರೂ ಬಟ್ಟೆ ತಿರುಗಿಸಿ ಒಳಗಡೆ ನೋಡುವ ಚಾಳಿ ಇದೆ. ಈ ಸಲ ನೋಡಿದ್ದು ನಮ್ಮ ಪುಚ್ಚೆಯ (ಬೆಕ್ಕಿಗೆ ನಮ್ಮ ಕಡೆ ಪುಚ್ಚೆ ಅನ್ನುವುದು) ಪಕ್ಕೆಯ ಹೊಲಿಗೆ. ಅದನ್ನು ಹಾಕಿದ ಕ್ಲಿನಿಕ್ಕಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಹೊಗಳಿಕೆಯ ಜೊತೆ ದೂರೂ ಇದೆ.

ಪುಚ್ಚೆಯ ಹೆಸರು ಬಾಬಿನ್. ಕಳೆದ ನವೆಂಬರಿನಲ್ಲಿ ಅಂಗಡಿಯ ಹಿಂದೆ, ಬಟ್ಟೆ ಚೂರು ತುಂಬಿಸಿಟ್ಟ ಚೀಲದಲ್ಲಿ ಹುಟ್ಟಿದ್ದು. ಓಡಾಡಲು ಕಲಿತ ವಾರದಲ್ಲೇ ಮೆಷಿನ್ನಿನ ನೂಲು ಸುತ್ತಿದ ಬಾಬಿನ್ ಕಚ್ಚಿಕೊಂಡು ರಸ್ತೆವರೆಗೆ ಓಡಿತು. ಕೆಂಪು ನೂಲು ಅಂಗಡಿಯಿಂದ ರಿಕ್ಷಾ ಸ್ಟಾಂಡಿನ ತನಕ. ಅವತ್ತಿನಿಂದ ಅದೇ ಹೆಸರು.

ಏಪ್ರಿಲ್ ನಡುವಿನ ನಮ್ಮ ಹೊಸ ವರ್ಷದ ಹಬ್ಬ ಬಿಸು, ಅದರ ರಾತ್ರಿ ಶುರುವಾಯಿತು ನೋಡಿ. ಅಕ್ಕಪಕ್ಕ ಎಲ್ಲ ಪಟಾಕಿ. ಬಾಬಿನ್ ಒಂದೇ ಸಮನೆ ಕೂಗುತ್ತಿತ್ತು. ಹಸಿವಿನ ಮಿಯಾಂವ್ ಅಲ್ಲ, ಗಂಟಲೊಳಗಿಂದ ಎಳೆದು ಎಳೆದು ಅಳುವ ಹಾಗೆ. ಪಟಾಕಿಗೆ ಹೆದರಿದೆ ಅಂದುಕೊಂಡೆವು. ಮರುದಿನ ಪಟಾಕಿ ನಿಂತಿತು, ಕೂಗು ನಿಲ್ಲಲಿಲ್ಲ. ನೆಲದಲ್ಲಿ ಬಿದ್ದು ಹೊರಳಾಡುವುದು, ಕಾಲಿಗೆ, ಮೆಷಿನ್ನಿಗೆ, ಬಾಗಿಲಿಗೆ ಮೈ ತಿಕ್ಕುವುದು. ಬೂತಾಯಿ ಮೀನು ಹಾಕಿದರೆ ಮೂಸಿ ನೋಡಿ ಬಿಟ್ಟಿತು. ಅತ್ತೆ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು. ಬಾಬಿನ್ ಮಾತ್ರ ಕೂಗುತ್ತಲೇ ಇತ್ತು.

ನನಗೆ ಸೊಂಟಕ್ಕೆ ಪೆಟ್ಟಾಗಿದೆ ಅಂತ ಗುಮಾನಿ. ಬೆನ್ನು ಮುಟ್ಟಿದರೆ ಮುಂದಿನ ಕಾಲು ಮಡಚಿ ಹಿಂದಿನ ಭಾಗ ಎತ್ತಿ ನಿಲ್ಲುತ್ತಿತ್ತು. ದನ ಸಾಕಿದ ಮನೆಯವಳು ನಾನು. ದನ ಬೆದೆಗೆ ಬಂದರೆ ಗೊತ್ತಾಗುತ್ತದೆ. ಕೂಗುತ್ತದೆ, ಲೋಳೆ ಕಾಣುತ್ತದೆ, ಒಂದು ದಿನದಲ್ಲಿ ಮುಗಿಯುತ್ತದೆ, ಮತ್ತೆ 21 ದಿನಕ್ಕೆ. ಪುಚ್ಚೆಯದ್ದು ಹೀಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಐದು ತಿಂಗಳ ಮರಿ ಬೇರೆ!

ಮೂರನೇ ದಿನ ಇಬ್ಬರು ಗಂಡು ಪುಚ್ಚೆಗಳು ಹಾಜರು. ಒಬ್ಬನ ಕಿವಿ ಹರಿದಿತ್ತು. ಅವನು ಅಂಗಡಿಯೊಳಗೆ ನುಗ್ಗಿ, ಬಾಲ ಎತ್ತಿ, ಕಟ್ ಮಾಡಿಟ್ಟ ರೇಷ್ಮೆ ಬ್ಲೌಸ್ ಪೀಸಿನ ಮೇಲೆ ಉಚ್ಚೆ ಚಿಮ್ಮಿಸಿ ಹೋದ. ಮದುವೆ ಬ್ಲೌಸು. ಆ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಹೊಸ ಪೀಸಿಗೆ 850 ರೂಪಾಯಿ ನನ್ನ ಕೈಯಿಂದ ಹೋಯಿತು. ಡಾಕ್ಟರ ಹತ್ತಿರ ಹೋಗಲು ನಿಜವಾದ ಕಾರಣ ಅದೇ. ಪುಚ್ಚೆಯ ಮೇಲಿನ ಪ್ರೀತಿ ಅಂತ ಸುಮ್ನೆ ಸುಳ್ಳು ಹೇಳುವುದಿಲ್ಲ.

ಅದಕ್ಕೆ ಮೊದಲು ಒಬ್ಬರು ಮಾತ್ರೆ ಹೇಳಿದ್ದರು. ವಾರಕ್ಕೊಂದು ಕೊಟ್ಟರೆ ಬೆದೆಗೇ ಬರುವುದಿಲ್ಲವಂತೆ, ಖರ್ಚೂ ಕಮ್ಮಿ. ತೆಗೆದುಕೊಂಡೂ ಇದ್ದೆ. ಕೊಡುವ ಮೊದಲು ಕೇಳೋಣ ಅಂತ ಪರ್ಸಿನಲ್ಲಿ ಹಾಕಿ, ಬಾಬಿನ್ ಅನ್ನು ತರಕಾರಿ ಬುಟ್ಟಿಗೆ ತುಂಬಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ರಿಕ್ಷಾ ಹತ್ತಿದೆ. ಚೆರ್ಕಳ ದಾಟುವ ತನಕ ಒಂದೇ ರಾಗ. ಡ್ರೈವರ್ ಅಣ್ಣ ಎರಡು ಸಲ ರಿಕ್ಷಾ ನಿಲ್ಲಿಸಿ ತಿರುಗಿ ನೋಡಿದರು.

ಕ್ಲಿನಿಕ್ಕಿನಲ್ಲಿ ಮೊದಲ ಕಿರಿಕಿರಿ ಕಾಯುವ ಜಾಗ. ನಾಯಿಗೂ ಪುಚ್ಚೆಗೂ ಒಂದೇ ಬೆಂಚು. ಪಕ್ಕದಲ್ಲಿ ಕರುವಿನಷ್ಟು ದೊಡ್ಡ ಜರ್ಮನ್ ಶೆಫರ್ಡ್. ಬಾಬಿನ್ ಬುಟ್ಟಿಯೊಳಗೆ ಉಂಡೆಯಾಗಿ ಹೋಯಿತು. ಒಂದು ಅಡ್ಡ ಪರದೆ ಹಾಕಲು ಎಷ್ಟು ಬಟ್ಟೆ ಬೇಕು? ನಾಲ್ಕು ಮೀಟರ್.

ಡಾಕ್ಟರು ಹೆಂಗಸು, ಮೂವತ್ತರ ಆಸುಪಾಸು. ಕನ್ನಡ ಚೆನ್ನಾಗಿ ಬರುತ್ತದೆ. ನಾನು ಸೊಂಟ ನೋವು ಅಂದೆ. ಅವರು ಜ್ವರ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಬಾಲದ ಬುಡದಲ್ಲಿ ಬೆರಳಿನಿಂದ ಮೆಲ್ಲ ತಟ್ಟಿದರು. ಬಾಬಿನ್ ಎದೆ ನೆಲಕ್ಕೆ ಹಾಕಿ, ಹಿಂಭಾಗ ಎತ್ತಿ, ಬಾಲ ಒಂದು ಬದಿಗೆ ಸರಿಸಿತು. ಹಿಂದಿನ ಎರಡು ಕಾಲು ನಿಂತಲ್ಲೇ ತುಳಿಯತೊಡಗಿತು. ನನ್ನ ಹಳೆಯ ಕಾಲುಮೆಷಿನ್ನು ತುಳಿದ ಹಾಗೇ!

"ಅಕ್ಕ, ಇದು ನೋವಲ್ಲ, ಬೆದೆ" ಅಂದರು.

ರಕ್ತ ಕಾಣಲಿಲ್ಲವಲ್ಲ ಅಂದೆ. ಅದು ನಾಯಿಗೆ, ಬೆಕ್ಕಿಗೆ ಸಾಮಾನ್ಯವಾಗಿ ರಕ್ತ ಕಾಣುವುದಿಲ್ಲವಂತೆ. ನಾಲ್ಕೈದು ತಿಂಗಳಿಗೇ ಶುರುವಾಗಬಹುದು. ಒಂದು ಸಲ ಬಂದರೆ ಹೆಚ್ಚು ಕಮ್ಮಿ ಒಂದು ವಾರ. ಸಾಮಾನ್ಯವಾಗಿ ಗಂಡು ಸೇರಿದ ಮೇಲೆಯೇ ಬೆಕ್ಕಿನ ಮೊಟ್ಟೆ ಬಿಡುಗಡೆಯಾಗುವುದು, ಸೇರದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಅದೇ ಕತೆ. ಚಳಿಗಾಲದಲ್ಲೂ ಹಗಲು ತೀರಾ ಗಿಡ್ಡವಾಗದ ನಮ್ಮ ಕಡೆ ವರ್ಷವಿಡೀ. ಸೇರಿದರೆ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಮರಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಪುನಃ ಬೆದೆಗೆ ಬರುವುದೂ ಇದೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರಿರಬಹುದು. ಆಚೆಮನೆಯ ಪುಚ್ಚೆಗೆ ಒಂದು ಕಪ್ಪು, ಒಂದು ಕಂದು, ಒಂದು ಪಟ್ಟೆಪಟ್ಟೆ ಮರಿ ಯಾಕೆ ಅಂತ ಆಗ ಅಂದಾಜಾಯಿತು.

ಅತ್ತೆ ಹೇಳಿ ಕಳಿಸಿದ್ದನ್ನೂ ಕೇಳಿದೆ. ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸಿದರೆ ಮೈಗೆ ಒಳ್ಳೆಯದು ಅಲ್ವಾ? ಅದರಿಂದ ಲಾಭ ಏನೂ ಇಲ್ಲ ಅಂದರು. ಬೇಗ ಮಾಡಿಸಿದಷ್ಟು ಮೊಲೆಯ ಗಡ್ಡೆಯ ಅಪಾಯ ಕಮ್ಮಿ. ಗರ್ಭಕೋಶವನ್ನೇ ತೆಗೆಯುವುದರಿಂದ ಅದರಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ಇಲ್ಲ. ಪರ್ಸಿನ ಮಾತ್ರೆ ತೋರಿಸಿದೆ. ಮುಖ ಗಂಟು ಹಾಕಿದರು. ಕೀವು, ಗಡ್ಡೆ ಎರಡನ್ನೂ ತರುವುದು ಇಂಥದ್ದೇ ಅಂದರು. ಮಾತ್ರೆ ಅಲ್ಲೇ ಕಸದ ಬುಟ್ಟಿಗೆ ಹೋಯಿತು.

ಇವತ್ತೇ ಆಪರೇಷನ್ ಮಾಡಿ ಅಂದೆ. ಇನ್ನೊಂದು ಸಲ ರಿಕ್ಷಾ ಬಾಡಿಗೆ ಯಾರು ಕೊಡುವುದು? ಅವರು ಒಪ್ಪಲಿಲ್ಲ. ಬೆದೆಯಲ್ಲಿ ಮಾಡಲೇಬಾರದು ಅಂತಿಲ್ಲ, ಮಾಡುವವರಿದ್ದಾರೆ. ಆದರೆ ಆಗ ಗರ್ಭಕೋಶ ಊದಿಕೊಂಡು ರಕ್ತ ಜಾಸ್ತಿ ಹರಿಯುತ್ತಿರುತ್ತದೆ, ಕೊಯ್ದರೆ ರಕ್ತ ಹೋಗುವ ಭಯ ಜಾಸ್ತಿ. ಕೂಗು ನಿಂತು ಒಂದು ವಾರ ಕಳೆಯಲಿ, ಮತ್ತೆ ಶುರುವಾಗುವ ಮೊದಲು ಕರೆದುಕೊಂಡು ಬನ್ನಿ, ಅಷ್ಟರ ತನಕ ಕಿಟಕಿ ಬಾಗಿಲು ಭದ್ರ ಅಂದರು. 200 ರೂಪಾಯಿ ತೆಗೆದುಕೊಂಡು ಕಳಿಸಿದರು. ಬರುವ ದಾರಿಯಲ್ಲಿ ಸಿಟ್ಟು ಬಂದದ್ದು ಹೌದು. ಆದರೆ ನೀರಿಗೆ ಹಾಕದ ಕಾಟನ್ ಬಟ್ಟೆ ತಂದು ಇವತ್ತೇ ಹೊಲಿದು ಕೊಡಿ ಅನ್ನುವವರನ್ನು ನಾನೂ ವಾಪಸ್ ಕಳಿಸುತ್ತೇನೆ. ಅವರು ಬೈದುಕೊಂಡೇ ಹೋಗುತ್ತಾರೆ. ನನ್ನ ನಾಲ್ಕು ನಕ್ಷತ್ರದಲ್ಲಿ ಎರಡು ಈ ವಾಪಸ್ ಕಳಿಸಿದ್ದಕ್ಕೇ.

ಏಪ್ರಿಲ್ 29ಕ್ಕೆ ಆಪರೇಷನ್. ಹಿಂದಿನ ರಾತ್ರಿ ಹತ್ತರ ಮೇಲೆ ಊಟ ಇಲ್ಲ. ತೂಕ 2 ಕಿಲೋ 300 ಗ್ರಾಂ. ಬೆಳಿಗ್ಗೆ ಒಂಬತ್ತೂವರೆಗೆ ಬಿಟ್ಟು ಸಂಜೆ ನಾಲ್ಕಕ್ಕೆ ಕರೆದುಕೊಂಡು ಬಂದೆ. ಔಷಧಿ, ಇಂಜೆಕ್ಷನ್ ಸೇರಿ 3,500.

ಇಲ್ಲಿ ದೊಡ್ಡ ದೂರು. ಸಹಿ ಹಾಕಿಸುವ ಫಾರಂ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಮಲಯಾಳಂ ಮಾತಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಕೌಂಟರಿನ ಹುಡುಗಿ "ಚೇಚಿ, ಇಲ್ಲಿ ಸೈನ್" ಅಂತ ಬೆರಳಿಟ್ಟಳು. ಏನು ಬರೆದಿದೆ ಅಂದರೆ "ಎಲ್ಲರೂ ಹಾಕುವುದೇ" ಅಂದಳು. ಅರಿವಳಿಕೆಯಲ್ಲಿ ಜೀವ ಹೋದರೂ ನಮ್ಮ ಒಪ್ಪಿಗೆ ಇದೆ ಅಂತ ಅದರಲ್ಲಿ ಇತ್ತು. ಆಮೇಲೆ ಡಾಕ್ಟರೇ ಓದಿ ಹೇಳಿದರು. ಕಾಸರಗೋಡಿನಲ್ಲಿ ಕನ್ನಡದ ಒಂದು ಹಾಳೆ ಇಡುವುದು ಅಷ್ಟು ಕಷ್ಟವಾ?

ಇನ್ನೊಂದು, ಅವತ್ತು ರಾತ್ರಿ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಬಾಬಿನ್ ಕಣ್ಣು ಬಿಟ್ಟುಕೊಂಡೇ ಮಲಗಿತ್ತು, ಎದ್ದರೆ ಕುಡಿದವರ ಹಾಗೆ ವಾಲುತ್ತಿತ್ತು. ಫೋನ್ ಮಾಡಿದರೆ ಎತ್ತುವವರಿಲ್ಲ. ಬೆಳಿಗ್ಗೆ ಕೇಳಿದಾಗ ಅದು ಅರಿವಳಿಕೆ ಇಳಿಯುವ ರೀತಿ ಅಂದರು. ಹಿಂದಿನ ಸಂಜೆಯೇ ಅಂದಿದ್ದರೆ ನಾನೂ ಅತ್ತೆಯೂ ನಿದ್ದೆ ಮಾಡುತ್ತಿದ್ದೆವು. ಒಂದು ಮಾತ್ರ ಗಟ್ಟಿಯಾಗಿ ಹೇಳಿದ್ದರು. ಮನುಷ್ಯರ ಜ್ವರದ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಆ ರಾತ್ರಿ ಅತ್ತೆ ಅರ್ಧ ಮಾತ್ರೆ ಮುರಿದು ಹಾಲಿಗೆ ಹಾಕಲು ಹೊರಟಿದ್ದರು.

ಈಗ ಹೊಲಿಗೆಗೆ ಬರೋಣ. ಎಡಪಕ್ಕೆಯಲ್ಲಿ ಅಂಗೈಯಗಲ ಕೂದಲು ಬೋಳಿಸಿ, ಮುಕ್ಕಾಲು ಇಂಚು ಕೊಯ್ದು, ಮೂರು ಹೊಲಿಗೆ. ಮೂರೂ ಸಮ ದೂರ. ಸಾಲು ಹೊಲಿಗೆ ಅಲ್ಲ, ಒಂದೊಂದಕ್ಕೂ ಬೇರೆ ಗಂಟು. ಒಂದು ಬಿಚ್ಚಿದರೂ ಉಳಿದವು ನಿಲ್ಲುತ್ತವೆ. ಒಳಗಿನ ಮಾಂಸಕ್ಕೆ ಪ್ರತ್ಯೇಕ ಹೊಲಿಗೆ, ಆ ನೂಲು ತಾನಾಗಿ ಕರಗುತ್ತದೆ. ಅಸ್ತರು ಬೇರೆ, ಮೇಲಿನ ಬಟ್ಟೆ ಬೇರೆ. ಎಳೆದು ಬಿಗಿ ಮಾಡಿಲ್ಲ, ಸುಕ್ಕು ಬಿದ್ದಿಲ್ಲ. ನನ್ನ ಹತ್ತಿರ ಕೆಲಸ ಕಲಿತ ಹುಡುಗಿಯರಿಗೆ ಆ ಸಮ ದೂರ ಬರಲು ಆರು ತಿಂಗಳು ಹಿಡಿದಿದೆ.

ನೆಕ್ಕದ ಹಾಗೆ ಕೊರಳಿಗೆ ಹಾಕುವ, ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿಗೆ 250 ಕೊಟ್ಟಿದ್ದೆ. ಸೈಜು ದೊಡ್ಡದು. ಬಾಬಿನ್ ಹತ್ತು ನಿಮಿಷದಲ್ಲಿ ಕಳಚಿ ಮಂಚದಡಿ ಎಸೆದಿತ್ತು. ಹಾಗಾಗಿ ನಾನೇ ಬನಿಯನ್ ಬಟ್ಟೆಯಲ್ಲಿ ಅಂಗಿ ಹೊಲಿದೆ. ನಾಲ್ಕು ಕಾಲಿಗೆ ತೂತು, ಬೆನ್ನಿನ ಮೇಲೆ ಲಾಡಿ, ಹಿಂದೆ ಎಲ್ಲ ತೆರೆದೇ ಬಿಟ್ಟದ್ದು. ಮೊದಲನೆಯದರಲ್ಲಿ ಜೋಡಿಸಿದ ಹೊಲಿಗೆ ಸರಿಯಾಗಿ ಗಾಯದ ಮೇಲೆಯೇ ಬಂತು, ಬಿಚ್ಚಿ ಬಲಕ್ಕೆ ಸರಿಸಿದೆ. ಹಾಕಿದ ದಿನ ಬಾಬಿನ್ ಹಿಂದೆ ಹಿಂದೆ ನಡೆದು ಗೋಡೆಗೆ ಗುದ್ದಿತು, ಆಮೇಲೆ ಮುಖ ತಿರುಗಿಸಿ ಮಲಗಿತು. ಎರಡನೇ ದಿನ ಬಂಗುಡೆ ತಿಂದಿತು.

ಹತ್ತನೇ ದಿನ ಹೊಲಿಗೆ ಬಿಚ್ಚಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನು ಹಸಿವು ಜಾಸ್ತಿಯಾಗುತ್ತದೆ, ಅಳತೆ ನೋಡಿ ಹಾಕಿ ಅಂದರು. ಅಂಗಿಯನ್ನು ತಿರುಗಿಸಿ ಒಳಗಡೆ ನೋಡಿದರು. ಇವರಿಗೂ ಅದೇ ಚಾಳಿ! ಇಂಥದ್ದು ಆರು ಹೊಲಿದು ಕೊಡ್ತೀರಾ ಅಂತ ಕೇಳಿದರು. ಒಂದಕ್ಕೆ 120 ಅಂತ ಒಪ್ಪಿದೆವು.

ಅಂಗಿ ಕೊಡಲು ಹೋದಾಗ ಫಾರಂ ವಿಷಯ ಎತ್ತಿದೆ. ನೀವೇ ಬರೆದು ಕೊಡಿ ಅಕ್ಕ, ಟೈಪ್ ಮಾಡಿಸುತ್ತೇನೆ ಅಂದರು. ಅವರು ಸಾಲು ಸಾಲು ಹೇಳುತ್ತಾ ಹೋದರು, ನಾನು ನನ್ನ ಬಿಲ್ ಪುಸ್ತಕದ ಹಾಳೆಯ ಹಿಂದೆ ಬರೆದೆ. ಹದಿನಾಲ್ಕು ಸಾಲು ಬಂತು. ಟೈಪ್ ಆದ ಮೇಲೆ ಐದನೇ ನಕ್ಷತ್ರ.