ಅಡಿಕೆ ದರದ ಪುಟಕ್ಕೆ ಲೋಡ್ಯಾಶ್‌ನ ‘ಗೆಟ್’ ಇನ್ನೂ ಬೇಕಾ?

ಚನ್ನಗಿರಿ, ಹೊನ್ನಾಳಿ, ದಾವಣಗೆರೆ ಮಾರುಕಟ್ಟೆಗಳ ದರ ತೋರಿಸುವ ಒಂದು ವೆಬ್ ಪುಟ ಇದೆ ಅಂತಿಟ್ಟುಕೊಳ್ಳಿ. ಸರ್ವರ್ ಕಳಿಸುವ ಜೇಸನ್‌ನಲ್ಲಿ (ಡೇಟಾವನ್ನು ಪಠ್ಯವಾಗಿ ಕಳಿಸುವ ಒಂದು ರೂಪ) ಊರಿನೊಳಗೆ ಸರಕು, ಸರಕಿನೊಳಗೆ ಕನಿಷ್ಠ, ಗರಿಷ್ಠ, ಆವಕ. ನಮಗೆ ಬೇಕಾದ್ದು ದರ.ಚನ್ನಗಿರಿ.ರಾಶಿ.ಗರಿಷ್ಠ. (ಜಾವಾಸ್ಕ್ರಿಪ್ಟ್ ಕನ್ನಡ ಹೆಸರುಗಳನ್ನೂ ಒಪ್ಪುತ್ತದೆ, ಹಾಗಾಗಿ ಇದು ಹೀಗೇ ಓಡುವ ಕೋಡ್.) ರಾಶಿ ಅಂದರೆ ಅಡಿಕೆಯ ಒಂದು ಬಗೆ. ವಹಿವಾಟಿಲ್ಲದ ದಿನ ‘ರಾಶಿ’ ಎಂಬ ಭಾಗವೇ ಬರಲಿಲ್ಲ ಅಂದರೆ ‘ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್’ ಎಂಬ ಎರರ್ ಬಿದ್ದು ಕೋಡ್ ಅಲ್ಲಿಗೇ ನಿಲ್ಲುತ್ತದೆ. ಅಡಿಕೆಯ ಜೊತೆಗೆ ಕೆಳಗಿದ್ದ ಮೆಕ್ಕೆಜೋಳದ ದರವೂ ಮಾಯ.

ಇದಕ್ಕೆ ಬಹಳ ಕಾಲದ ಮದ್ದು ಲೋಡ್ಯಾಶ್ ಎಂಬ, ಜಾವಾಸ್ಕ್ರಿಪ್ಟ್‌ಗೆ ಸಿದ್ಧ ಫಂಕ್ಷನ್‌ಗಳನ್ನು ಕೊಡುವ ಲೈಬ್ರರಿಯ ಗೆಟ್ ಫಂಕ್ಷನ್. ಗೆಟ್(ದರ, 'ಚನ್ನಗಿರಿ.ರಾಶಿ.ಗರಿಷ್ಠ', 'ವಹಿವಾಟಿಲ್ಲ') ಎಂದು ಬರೆದರೆ ದಾರಿಯಲ್ಲಿ ಯಾವ ಮೆಟ್ಟಿಲು ಇಲ್ಲದಿದ್ದರೂ ಕೋಡ್ ಬೀಳುವುದಿಲ್ಲ, ಮೂರನೆಯ ಮಾತು ವಾಪಸ್ ಬರುತ್ತದೆ. ಓದಲು ಸಲೀಸು. ಆದರೆ ಪೂರಾ ಲೋಡ್ಯಾಶ್ ಇಂಪೋರ್ಟ್ ಮಾಡಿದರೆ ಜಿಜಿಪ್‌ನಿಂದ ಕುಗ್ಗಿಸಿದ ಮೇಲೂ ಸುಮಾರು 24 ಕೆಬಿ. ಗೆಟ್ ಒಂದನ್ನೇ ತರಿಸಿಕೊಳ್ಳುವ ದಾರಿ ಇದೆ, ಅದನ್ನೇ ಬಳಸಿ. ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ) ಲೋಡ್ಯಾಶ್ ಡಾಟ್ ಗೆಟ್ ಅಂತ ಬಿಡಿ ಪ್ಯಾಕೇಜೂ ಸಿಗುತ್ತದೆ. ಅದನ್ನು ಮುಟ್ಟಬೇಡಿ, ‘ಆಪ್ಷನಲ್ ಚೈನಿಂಗ್ ಬಳಸಿ’ ಎಂಬ ಸೂಚನೆಯೊಂದಿಗೆ ಅದನ್ನು ಡೆಪ್ರಿಕೇಟ್ ಮಾಡಿದ್ದಾರೆ, ಅಂದರೆ ಇನ್ನು ಬಳಸಬೇಡಿ ಎಂದಿದ್ದಾರೆ.

ಗೆಟ್‌ನ ನಿಜವಾದ ತೊಡಕು ತೂಕದ್ದಲ್ಲ, ನಲ್‌ನದ್ದು (ನಲ್ ಅಂದರೆ ‘ಖಾಲಿ’ ಎಂದು ಬೇಕೆಂದೇ ಇಟ್ಟ ಗುರುತು, ಅನ್‌ಡಿಫೈನ್ಡ್ ಅಂದರೆ ಏನೂ ಇಟ್ಟೇ ಇಲ್ಲ). ಮೂರನೆಯ ಮಾತು ವಾಪಸ್ ಬರುವುದು ಕೊನೆಗೆ ಸಿಕ್ಕಿದ್ದು ಅನ್‌ಡಿಫೈನ್ಡ್ ಆಗಿದ್ದರೆ ಮಾತ್ರ. ಜೇಸನ್‌ನಲ್ಲಿ ಅನ್‌ಡಿಫೈನ್ಡ್ ಎಂಬ ಮೌಲ್ಯವೇ ಇಲ್ಲ, ಹಾಗಾಗಿ ಎಷ್ಟೋ ಸರ್ವರ್‌ಗಳು ‘ದರ ಇಲ್ಲ’ ಎನ್ನಲು ನಲ್ ಕಳಿಸುತ್ತವೆ. ಗೆಟ್ ಆ ನಲ್ ಅನ್ನು ಹಾಗೇ ಕೈಗಿಡುತ್ತದೆ. ಕ್ವಿಂಟಲ್ ದರವನ್ನು ಕೆಜಿಗೆ ಇಳಿಸಲು 100ರಿಂದ ಭಾಗಿಸಿದಿರಾ? ಜಾವಾಸ್ಕ್ರಿಪ್ಟ್‌ನಲ್ಲಿ ನಲ್ ಭಾಗಿಸು 100 ಅಂದರೆ 0. ರಾಶಿ ಅಡಿಕೆ ಕೆಜಿಗೆ 0 ರೂಪಾಯಿ ಅಂತ ಪುಟದಲ್ಲಿ ಬೀಳುತ್ತದೆ, ಎಲ್ಲೂ ಒಂದು ಎರರ್ ಕಾಣದು. ಪುಟ ಒಡೆಯುವುದಕ್ಕಿಂತ ಇದು ಕೆಟ್ಟದ್ದು. ರೈತ ಆ ಅಂಕಿ ನೋಡಿ ಮಾಲು ಹೊರಡಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಾನೆ.

ಎರಡನೆಯದು ಚುಕ್ಕಿ. ಕನ್ನಡದಲ್ಲಿ ‘ಕೆ.ಜಿ. ದರ’ ಅಂತ ಕೀ (ಮೌಲ್ಯಕ್ಕೆ ಕೊಡುವ ಹೆಸರು) ಇಡುವವರು ಇದ್ದೇ ಇದ್ದಾರೆ. ಗೆಟ್ ದಾರಿಯನ್ನು ಚುಕ್ಕಿಯಲ್ಲೇ ಕತ್ತರಿಸುವುದರಿಂದ ‘ಕೆ’ ಬೇರೆ, ‘ಜಿ’ ಬೇರೆಯಾಗಿ ಏನೂ ಸಿಗುವುದಿಲ್ಲ. ದಾರಿಯನ್ನು ['ಚನ್ನಗಿರಿ', 'ರಾಶಿ', 'ಕೆ.ಜಿ. ದರ'] ಎಂದು ಅರೇ (ಪಟ್ಟಿ) ಆಗಿ ಕೊಟ್ಟರೆ ಸರಿಹೋಗುತ್ತದೆ.

ಈಗ ಭಾಷೆಯೊಳಗೇ ಬಂದಿರುವುದನ್ನು ನೋಡಿ. 2020ರ ಎಕ್ಮಾಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ನ ಅಧಿಕೃತ ಮಾನದಂಡ) ಆವೃತ್ತಿಯಲ್ಲಿ ?. (ಆಪ್ಷನಲ್ ಚೈನಿಂಗ್, ಎಡಗಡೆಯದ್ದು ಇಲ್ಲದಿದ್ದರೆ ಅಲ್ಲಿಗೇ ನಿಲ್ಲುವುದು) ಮತ್ತು ?? (ಎಡಗಡೆಯದ್ದು ಇಲ್ಲದಿದ್ದರೆ ಬಲಗಡೆಯದ್ದನ್ನು ಕೊಡುವುದು) ಎರಡೂ ಸೇರಿದವು. ಕ್ರೋಮ್ 80, ಫೈರ್‌ಫಾಕ್ಸ್ 74, ಸಫಾರಿ 13.1, ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) 14ರಿಂದ ಇವು ಓಡುತ್ತವೆ.

ದರ.ಚನ್ನಗಿರಿ.ರಾಶಿ?.ಗರಿಷ್ಠ ?? 'ವಹಿವಾಟಿಲ್ಲ'

ಇದು ನಲ್, ಅನ್‌ಡಿಫೈನ್ಡ್ ಎರಡನ್ನೂ ಹಿಡಿಯುತ್ತದೆ. ?? ಬದಲು ಹಳೆಯ || ಹಾಕಿದರೆ 0 ಕೂಡ ‘ಇಲ್ಲ’ ಎಂದಾಗುತ್ತದೆ. ಆವಕ 0 ಎಂಬುದು ಮಾರುಕಟ್ಟೆಯಲ್ಲಿ ನಿಜವಾದ ಸುದ್ದಿ, ಅದನ್ನು ನುಂಗಬಾರದು. ?? ಮತ್ತು || ಎರಡನ್ನೂ ಒಟ್ಟಿಗೆ ಬೆರೆಸುವುದಾದರೆ ಆವರಣ ಚಿಹ್ನೆ ಹಾಕಲೇಬೇಕು, ಇಲ್ಲವಾದರೆ ಸಿಂಟ್ಯಾಕ್ಸ್ ಎರರ್.

ಪ್ರಶ್ನೆ ಚಿಹ್ನೆ ಎಲ್ಲಿ ಕೂರಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ಯಾವುದು ಇಲ್ಲದಿರಬಹುದೋ ಅದರ ಬೆನ್ನಿಗೇ ಇಡಬೇಕು. ದರ.ಚನ್ನಗಿರಿ?.ರಾಶಿ.ಗರಿಷ್ಠ ಎಂದು ಬರೆದರೆ, ಚನ್ನಗಿರಿಯೇ ಇಲ್ಲದಿದ್ದಾಗ ಮುಂದಿನದ್ದೆಲ್ಲ ಬಿಟ್ಟುಹೋಗಿ ಸುಮ್ಮನೆ ಅನ್‌ಡಿಫೈನ್ಡ್ ಬರುತ್ತದೆ. ಚನ್ನಗಿರಿ ಇದ್ದು ರಾಶಿ ಮಾತ್ರ ಇಲ್ಲದಿದ್ದರೆ ಮತ್ತೆ ಅದೇ ಹಳೇ ಎರರ್. ಹಾಗಂತ ಎಲ್ಲ ಚುಕ್ಕಿಗೂ ಪ್ರಶ್ನೆ ಚಿಹ್ನೆ ಅಂಟಿಸುವುದು ಇನ್ನೂ ದೊಡ್ಡ ತಪ್ಪು. ‘ಚನ್ನಗಿರಿ’ ಬದಲು ‘ಚೆನ್ನಗಿರಿ’ ಎಂದು ಬೆರಳು ತಪ್ಪಿದರೆ ವರ್ಷವಿಡೀ ‘ವಹಿವಾಟಿಲ್ಲ’ ಎಂದೇ ಕಾಣುತ್ತಿರುತ್ತದೆ, ಯಾರಿಗೂ ಗೊತ್ತಾಗದು. ಡೇಟಾದ ಆಕಾರವನ್ನು ಮೊದಲೇ ಹೇಳಿಕೊಟ್ಟಿದ್ದರೆ ಇಂಥ ತಪ್ಪನ್ನು ಟೈಪ್‌ಸ್ಕ್ರಿಪ್ಟ್ (ಟೈಪ್ ತಪಾಸಣೆ ಇರುವ ಜಾವಾಸ್ಕ್ರಿಪ್ಟ್) ಬರೆಯುವಾಗಲೇ ತೋರಿಸುತ್ತದೆ. ಗೆಟ್‌ಗೆ ಕೊಟ್ಟ ದಾರಿ ಬರೀ ಸ್ಟ್ರಿಂಗ್ ಆದ್ದರಿಂದ ಅಲ್ಲಿ ಇಷ್ಟು ಗಟ್ಟಿ ಕಾವಲು ಸಿಗುವುದಿಲ್ಲ. ರಾಶಿ ಇಲ್ಲದಿರುವುದು ಸಹಜ, ಚನ್ನಗಿರಿಯೇ ಕಾಣೆಯಾದರೆ ಏನೋ ಕೆಟ್ಟಿದೆ. ಅಲ್ಲಿ ಎರರ್ ಬೀಳಲಿ ಬಿಡಿ, ಅದನ್ನು ಹೊರಗೆ ಹಿಡಿದು ಲಾಗ್ ಮಾಡಿ.

ಖಾಲಿ ಅರೇಯಲ್ಲೂ ಇದೇ ಕಥೆ. ಲಾಟುಗಳು?.[0].ತೂಕ ಎಂದರೆ ಸಾಲದು, ಲಾಟುಗಳು?.[0]?.ತೂಕ ಎಂದೇ ಆಗಬೇಕು. ?. ಮೂಲಕ ಮೌಲ್ಯ ತುಂಬಿಸಲು ಆಗುವುದಿಲ್ಲ, ಓದಲು ಮಾತ್ರ.

ಹಳೇ ಫೋನಿನ ವಿಷಯ ಮರೆಯಬೇಡಿ. ಕ್ರೋಮ್ 80ಕ್ಕಿಂತ ಹಿಂದಿನದ್ದಾದರೆ ಆ ಒಂದು ಸಾಲಷ್ಟೇ ಅಲ್ಲ, ಇಡೀ ಫೈಲೇ ಓಡುವುದಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಟಾರ್ಗೆಟ್ ಅನ್ನು 2019ರ ಆವೃತ್ತಿಗೆ, ಅಥವಾ ಬೇಬಲ್‌ನದ್ದನ್ನು (ಹೊಸ ಕೋಡನ್ನು ಹಳೆಯ ರೂಪಕ್ಕೆ ಬದಲಿಸುವ ಸಾಧನ) ಹಳೇ ಬ್ರೌಸರ್‌ಗಳಿಗೆ ಇಟ್ಟು ಬಿಲ್ಡ್ ಮಾಡಿ.

ಹೊಸ ಕೋಡಿಗೆ ನಮ್ಮ ಓಟು ಭಾಷೆಯೊಳಗಿನ ಚಿಹ್ನೆಗಳಿಗೇ. ಹಳೇ ಪ್ರಾಜೆಕ್ಟಿನಲ್ಲಿ ಗೆಟ್ ಇದ್ದರೆ ಒಂದೇ ಸಲ ಹುಡುಕಿ ಬದಲಿಸುವ ಅವಸರ ಬೇಡ. ನಲ್ ಬಂದಾಗ ಎರಡರ ನಡವಳಿಕೆ ಬೇರೆ, ಒಂದೊಂದನ್ನೂ ನೋಡಿಯೇ ಬದಲಿಸಿ. ದಾರಿ ಮೊದಲೇ ಗೊತ್ತಿಲ್ಲದ ಕಡೆ, ಅಂದರೆ ಊರು, ಸರಕು, ಕಾಲಂ ಹೆಸರು ಸೆಟ್ಟಿಂಗ್ಸ್ ಫೈಲಿನಿಂದ ಬರುವ ಕಡೆ, ಗೆಟ್ ಈಗಲೂ ಚೊಕ್ಕ ಕೆಲಸ ಮಾಡುತ್ತದೆ. ಅಲ್ಲಿ ಕನ್ನಡದ ಕೀಗಳಿಗೆ ಒಂದು ಎಚ್ಚರಿಕೆ: ‘ಜೋಳ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಜಾವಾಸ್ಕ್ರಿಪ್ಟ್‌ಗೆ ಬೇರೆ ಬೇರೆ ಕೀ. ಡೇಟಾದ ಕೀಗಳನ್ನೂ ಸೆಟ್ಟಿಂಗ್ಸ್‌ನ ದಾರಿಯನ್ನೂ ಒಳಗೆ ತೆಗೆದುಕೊಳ್ಳುವಾಗಲೇ ನಾರ್ಮಲೈಜ್ ಫಂಕ್ಷನ್‌ನಿಂದ ಎನ್‌ಎಫ್‌ಸಿ (ಜೋಡಿಸಿ ಒಂದೇ ಸಂಕೇತ ಮಾಡಿದ) ರೂಪಕ್ಕೆ ತಂದುಕೊಳ್ಳಿ.