ಎರಡು ಭಾಷೆಯ ತರಗತಿಯೋ, ಬರೀ ಇಂಗ್ಲಿಷೋ?

ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಕ್ಯಾಲಿಫೋರ್ನಿಯಾದಲ್ಲಿ ಈಗ ಎರಡು ದಾರಿ. 1998ರಲ್ಲಿ ಮತದಾರರು ಒಪ್ಪಿದ ಕಾನೂನು, ಪ್ರೊಪೊಸಿಷನ್ 227, ದ್ವಿಭಾಷಾ ತರಗತಿಗಳನ್ನು ಬಹುಪಾಲು ಮುಚ್ಚಿಸಿತ್ತು. 2016ರ ಪ್ರೊಪೊಸಿಷನ್ 58 ಮತ್ತೆ ಬಾಗಿಲು ತೆರೆಯಿತು.

ಬರೀ ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷ್ ಮಾತು ಜಾಸ್ತಿ ಕಿವಿಗೆ ಬೀಳುತ್ತದೆ. ಆದರೆ ಅರ್ಥ ಗೊತ್ತಿಲ್ಲದ ಪದ ಓದುವುದು ಸುಮ್ನೆ ಉರು ಹೊಡೆದಂತೆ, ಅಲ್ವಾ?

ಎರಡು ಭಾಷೆಯ ತರಗತಿಗಳಲ್ಲಿ 90:10 ಮಾದರಿ ಒಂದು, ಅಂದರೆ ಶುರುವಿನಲ್ಲಿ ಪಾಠದ ಶೇ 90 ಸ್ಪ್ಯಾನಿಷ್‌, ಶೇ 10 ಇಂಗ್ಲಿಷ್. ಇದರಲ್ಲಿ ಮೊದಲ ಓದು ಸ್ಪ್ಯಾನಿಷ್‌ನಲ್ಲೇ. ಅಲ್ಲಿ ಸ್ವರ ಐದೇ, ಹೆಚ್ಚುಕಡಿಮೆ ಬರೆದಂತೆಯೇ ಓದಬಹುದು. ಓದುವ ಗುಟ್ಟು ಒಮ್ಮೆ ಸಿಕ್ಕರೆ ಇಂಗ್ಲಿಷ್‌ಗೂ ಒದಗುತ್ತದೆ. ‘ಫಮೀಲಿಯಾ’ ಗೊತ್ತಿದ್ದ ಮಗುವಿಗೆ ‘ಫ್ಯಾಮಿಲಿ’ ಹೊಸದಲ್ಲ. ‘ಸ್ಕೂಲ್’ ಮಾತ್ರ ‘ಎಸ್ಕೂಲ್’ ಆಗುತ್ತದೆ, ನಮ್ಮಲ್ಲಿ ‘ಇಸ್ಕೂಲು’ ಅಂದ ಹಾಗೆ! ಮೊದಮೊದಲು ಇಂಗ್ಲಿಷ್ ಅಂಕ ಕಡಿಮೆ ಬಂದೀತು.

ಐದಾರು ವರ್ಷ ಒಂದೇ ಕಡೆ ಇರುವವರಾದರೆ ಎರಡು ಭಾಷೆಯ ತರಗತಿಯನ್ನೇ ಆರಿಸಿ. ಪದೇ ಪದೇ ಊರು ಬದಲಿಸುವವರಿಗೆ ಬರೀ ಇಂಗ್ಲಿಷೇ ವಾಸಿ, ರಾತ್ರಿ ಮಲಗುವ ಮುಂಚೆ ಅಮ್ಮ ಸ್ಪ್ಯಾನಿಷ್ ಕಥೆ ಓದುವುದಾದರೆ.