ಟಾಲ್ವೀನ್ ಬಿಡಿಸಲು ಕೋಲೀನ್-ಗ್ಲೈಕಾಲ್ ದ್ರಾವಕ: ಆಯ್ಕೆ ಚೊಕ್ಕ, ಹಿಡಿತ ಕಮ್ಮಿ

ಪೆಟ್ರೋಲಿಯಂನಲ್ಲಿ ಬೆರೆತು ಬರುವ ಎರಡು ಹೈಡ್ರೊಕಾರ್ಬನ್‌ಗಳಲ್ಲಿ ಟಾಲ್ವೀನ್ 110.6 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಹೆಪ್ಟೇನ್ 98.4ಕ್ಕೆ. ಇವನ್ನು ಬರೀ ಬಟ್ಟಿ ಇಳಿಸಿ ಬಿಡಿಸುವುದು ದುಬಾರಿ ಕೆಲಸ. ರಿಫೈನರಿಗಳು 1960ರ ದಶಕದಿಂದ ಟಾಲ್ವೀನನ್ನು ಕರಗಿಸಿಕೊಂಡು ಹೆಪ್ಟೇನ್ ಬಿಡುವ ಸಲ್ಫೋಲೇನ್ ಎಂಬ ದ್ರಾವಕವನ್ನು ನೆಚ್ಚಿಕೊಂಡಿರುವುದು ಅದಕ್ಕೇ. ಆ ಜಾಗಕ್ಕೆ ಕೋಲೀನ್ ಕ್ಲೋರೈಡ್ ಎಂಬ ಉಪ್ಪು ಮತ್ತು ಎಥಿಲೀನ್ ಗ್ಲೈಕಾಲ್ ಬೆರಕೆ ಬರಬಹುದೇ?

ತಯಾರಿ ಸುಲಭ. ಮೋಲ್ ಲೆಕ್ಕದಲ್ಲಿ 1ಕ್ಕೆ 2, ಅಂದರೆ 139.6 ಗ್ರಾಂ ಉಪ್ಪಿಗೆ 124.1 ಗ್ರಾಂ ಗ್ಲೈಕಾಲ್. ಮುಚ್ಚಿದ ಫ್ಲಾಸ್ಕ್‌ನಲ್ಲಿ 80 ಡಿಗ್ರಿಗೆ ಕಾಯಿಸಿ ತಿರುವಿದರೆ ತಿಳಿಯಾದ ದ್ರವ ಸಿದ್ಧ. ಉಪ್ಪು ಕೊಳ್ಳುವಾಗ ಮಾತ್ರ ಎಚ್ಚರ: ಕೋಳಿ ಆಹಾರಕ್ಕೆ ಹಾಕುವ ಅಗ್ಗದ 60 ಶೇಕಡಾ ಪುಡಿಯಲ್ಲಿ ಉಳಿದದ್ದು ಸಾಮಾನ್ಯವಾಗಿ ಮೆಕ್ಕೆಜೋಳದ ದಿಂಡಿನ ಪುಡಿ. ಶುದ್ಧ ಉಪ್ಪು ಕೂಡ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ನಿರ್ವಾತದಲ್ಲಿ ಒಣಗಿಸದೆ ತೂಗಿದರೆ ಪ್ರಮಾಣವೇ ತಪ್ಪುತ್ತದೆ. ನೀರು ಸೇರಿದಷ್ಟೂ ಟಾಲ್ವೀನ್ ಕರಗುವುದು ಇನ್ನೂ ಇಳಿಯುತ್ತದೆ.

ಪದರ ಬೇರೆಯಾಗುವುದು ನೋಡಲು ಖುಷಿ. ದ್ರಾವಕ ನೀರಿಗಿಂತ ಭಾರ, ತಳಕ್ಕೆ ಕೂರುತ್ತದೆ. ಹೈಡ್ರೊಕಾರ್ಬನ್ ಮೇಲೆ, ನಡುವೆ ಗೆರೆ ಎಳೆದಂಥ ಗಡಿ. ಗ್ಲೈಕಾಲ್ ಬದಲು ಯೂರಿಯಾ ಹಾಕಿದ ಬೆರಕೆ ಕೋಣೆಯ ಉಷ್ಣದಲ್ಲಿ ಜೇನಿನಂತೆ ಮಂದ, ಇದು ಅದಕ್ಕಿಂತ ಎಷ್ಟೋ ತೆಳು, ಪಂಪಿಗೂ ಹಗುರ. ಹೆಪ್ಟೇನ್ ಇದರಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ.

ತೊಂದರೆ ಎಂದರೆ ಟಾಲ್ವೀನೂ ಹೆಚ್ಚು ಕರಗುವುದಿಲ್ಲ. ಹಿಡಿತದಲ್ಲಿ, ಅಂದರೆ ಎಷ್ಟು ಟಾಲ್ವೀನ್ ಕರಗಿಸಿಕೊಳ್ಳಬಲ್ಲದು ಎಂಬುದರಲ್ಲಿ, ಸಲ್ಫೋಲೇನ್‌ಗಿಂತ ಬಹಳ ಹಿಂದೆ. ಅಷ್ಟೇ ಟಾಲ್ವೀನ್ ತೆಗೆಯಲು ಎಷ್ಟೋ ಪಟ್ಟು ದ್ರಾವಕ ಸುತ್ತಬೇಕು. ಉಳಿತಾಯವೆಲ್ಲ ಅಲ್ಲೇ ಕರಗಿಹೋಗುತ್ತದೆ. ಕೋಲೀನ್ ಬದಲು ಟೆಟ್ರಾಬ್ಯುಟೈಲ್ ಅಮೋನಿಯಂ ಬ್ರೋಮೈಡ್ ಹಾಕಿದರೆ ಅದರ ಉದ್ದ ಇಂಗಾಲದ ಸರಪಳಿಗಳು ಟಾಲ್ವೀನನ್ನು ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತವೆ, ಆದರೆ ಹೆಪ್ಟೇನೂ ಜೊತೆಗೆ ನುಸುಳುತ್ತದೆ.

ಇಂಥ ಬೆರಕೆಗಳನ್ನು ಹೊಗಳುವ ‘ಆವಿಯಾಗದ ಹಸಿರು ದ್ರಾವಕ’ ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ಉಪ್ಪು ಆವಿಯಾಗುವುದಿಲ್ಲ ನಿಜ. ಗ್ಲೈಕಾಲ್ 197 ಡಿಗ್ರಿಗೆ ಕುದಿಯುತ್ತದೆ, ನುಂಗಿದರೆ ವಿಷ. ಟಾಲ್ವೀನ್ ಹೊರತೆಗೆಯಲು ನಿರ್ವಾತದಲ್ಲಿ ಹದವಾಗಿ ಕಾಯಿಸಿ. ಬಿಸಿ ಜಾಸ್ತಿಯಾದರೆ ಗ್ಲೈಕಾಲೂ ಸ್ವಲ್ಪ ಸ್ವಲ್ಪ ಹೊರಟು 1:2 ಪ್ರಮಾಣ ಕದಲುತ್ತದೆ, ತಣ್ಣಗಾದಾಗ ಉಪ್ಪು ಹರಳುಗಟ್ಟುತ್ತದೆ. ಪ್ರತಿ ಸುತ್ತಿನ ನಂತರ ದ್ರಾವಕವನ್ನು ತೂಗಿ ನೋಡುವುದು ಕಡ್ಡಾಯ.

ವಿದ್ಯಾರ್ಥಿಗಳ ಪ್ರಯೋಗಾಲಯದಲ್ಲಿ ಈ ಬೆರಕೆಯನ್ನು ಧೈರ್ಯವಾಗಿ ಬಳಸಬಹುದು. ಸ್ಥಾವರದ ಸಲ್ಫೋಲೇನ್ ಬದಲಿಸಲು ಈಗಲೇ ಬೇಡ. ಸಣ್ಣ ಪೈಲಟ್ ಘಟಕ ಕಟ್ಟುವವರು 304 ಸ್ಟೀಲ್ ತೊಟ್ಟಿ ಬಿಟ್ಟು ಗಾಜು ಅಥವಾ ಟೆಫ್ಲಾನ್ ಒಳಪದರ ಬಳಸಿ: ನೀರು ಸೇರಿದ ಕ್ಲೋರೈಡ್ ಆ ಸ್ಟೀಲಿನಲ್ಲಿ ಗುಳಿ ತೋಡುತ್ತದೆ.